ಗೆದ್ದ ಮೇಲೂ ಆರದ ಹೊಟ್ಟೆಕಿಚ್ಚು

ನಮ್ಮ ಎಲ್ಡರ್‌ಬೆಕ್ ಊರಿನಲ್ಲಿ ಡೋರೀನ್ ಥ್ಯಾಕ್ರೆಯ ಮನೆಯ ಮೆಟ್ಟಿಲಷ್ಟು ಬೆಳ್ಳಗಿನ ಮೆಟ್ಟಿಲು ಇನ್ನೊಂದಿರಲಿಲ್ಲ. ದಿನಾ ಬೆಳಿಗ್ಗೆ ಮಂಡಿಯೂರಿ ಉಜ್ಜುತ್ತಿದ್ದಳು. ನಾನು ಅವಳ ಪಕ್ಕದ ಮನೆಯವಳು. ನಮ್ಮಿಬ್ಬರಿಗೂ ನಡುವೆ ಒಂದೇ ಗೋಡೆ, ಹಾಗಾಗಿ ಅವಳ ಮನೆಯ ಮಾತು ನನಗೆ ಕೇಳಿಸದೆ ಇರುತ್ತಿರಲಿಲ್ಲ. ಗಂಡ ವಿಲ್ಫ್ ಕಲ್ಲುಗಣಿಯಲ್ಲಿ ದುಡಿದು ನಿವೃತ್ತನಾದವನು, ಮಾತು ಕಡಿಮೆ. ಡೋರೀನ್ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಚರ್ಚಿನ ಸಭಾಂಗಣದಲ್ಲಿ ಮದುವೆಯಾಗಲಿ, ಸಾವಾಗಲಿ, ಟೀ ಕಾಯಿಸಿ ಕೊಡುವವಳು ಅವಳೇ. ಯಾರೂ ಅವಳನ್ನು ಬಾ ಎಂದು ಕರೆಯುತ್ತಿರಲಿಲ್ಲ. ಅವಳಿಲ್ಲದೆ ಏನೂ ನಡೆಯುತ್ತಲೂ ಇರಲಿಲ್ಲ.

ಹೀಗಿರುವಾಗ ಗುಡ್ಡದ ಮೇಲಿನ ಹಳೆಯ ಪಾದ್ರಿ ಮನೆಗೆ ಹಾರ್ಕೋರ್ಟ್ ದಂಪತಿ ಬಂದರು. ಯಜಮಾನರು ಲಂಡನ್ನಿನಲ್ಲಿ ಸರ್ಕಾರಿ ದೊಡ್ಡ ಹುದ್ದೆಯಲ್ಲಿದ್ದವರಂತೆ. ಹೆಂಡತಿ ರೋಸಲಿಂಡ್. ಬಂದ ದಿನದಿಂದಲೇ ಊರಿಗೆ ಊರೇ ಆಕೆಯನ್ನು ಮಿಸೆಸ್ ಹಾರ್ಕೋರ್ಟ್ ಎಂದಿತು.

“ನಾನು ಇಲ್ಲೇ ಹುಟ್ಟಿ ಇಲ್ಲೇ ಬೆಳೆದೋಳು. ನನ್ನನ್ನ ಯಾರಾದ್ರೂ ಮಿಸೆಸ್ ಥ್ಯಾಕ್ರೆ ಅಂತಾರಾ? ಡೋರೀನ್, ಟೀ ತಾ. ಡೋರೀನ್, ಕಪ್ಪು ತೊಳಿ. ನೀನೂ ಅಷ್ಟೇ. ಆಕೆಗೆ ‘ಅವರು’ ಅಂತೀಯ, ನನಗೆ ‘ಅವಳು’,” ಎಂದು ನನ್ನ ಮೇಲೆ ಹರಿಹಾಯ್ದಳು. ನಿಜವೇ. ಬರೆಯುವಾಗಲೂ ನನಗೆ ಹಾಗೇ ಬರುತ್ತಿದೆ.

ಡೋರೀನಳನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಮಿಸೆಸ್ ಹಾರ್ಕೋರ್ಟ್ ಅವರ ಅಶಿಸ್ತು. ಅವರ ಸ್ವೆಟರ್ ಮೊಣಕೈ ಹತ್ತಿರ ತೂತುಬಿದ್ದಿತ್ತು. ಕಾರಿನ ತುಂಬ ಕೆಸರು, ಸೋಫಾದ ತುಂಬ ನಾಯಿಯ ಕೂದಲು. ಅವರ ಮೆಟ್ಟಿಲ ಮೇಲೆ ಪಾಚಿ ಬೆಳೆದಿತ್ತು. ಆದರೂ ಅವರು ಅಂಗಡಿಯೊಳಕ್ಕೆ ಕಾಲಿಟ್ಟರೆ ಗಂಡಸರ ಕೈ ತಂತಾನೇ ಟೋಪಿಗೆ ಹೋಗುತ್ತಿತ್ತು. ಮಧ್ಯಾಹ್ನದ ಊಟಕ್ಕೆ ನಾವು ಡಿನ್ನರ್ ಎಂದರೆ ಅವರು ಲಂಚ್ ಎನ್ನುತ್ತಿದ್ದರು. ಒಂದು ದಿನ ಡೋರೀನ್ ಕೂಡ ಗಂಡನಿಗೆ “ಲಂಚ್ ರೆಡಿ” ಎಂದಳು.

“ಯಾರಾದ್ರೂ ಬರ್ತಾರಾ?” ಎಂದು ವಿಲ್ಫ್ ಬಾಗಿಲ ಕಡೆ ನೋಡಿದ. ಅವಳು ತಟ್ಟೆಯನ್ನು ಟಪ್ಪೆಂದು ಇಟ್ಟದ್ದು ನನ್ನ ಮನೆಗೆ ಕೇಳಿಸಿತು.

ಎರಡು ವರ್ಷದೊಳಗೆ ಮಿಸೆಸ್ ಹಾರ್ಕೋರ್ಟ್ ಮಹಿಳಾ ಸಂಘದ ಅಧ್ಯಕ್ಷೆಯಾದರು, ಹೂವಿನ ಪ್ರದರ್ಶನದ ರಿಬ್ಬನ್ ಕತ್ತರಿಸಿದರು. ಡೋರೀನ್ ಪ್ರತಿ ಸಲವೂ “ಎಷ್ಟು ಚೆನ್ನಾಗಿತ್ತು ಕಣ್ರೀ!” ಎಂದು ನಗುತ್ತ ಟೀ ಕೊಟ್ಟಳು. ನಮ್ಮಲ್ಲಿ ಹೊಟ್ಟೆಯುರಿ ಹೆಚ್ಚಿದಷ್ಟೂ ಮಾತು ಮೃದುವಾಗುತ್ತದೆ. ಅವಳ ಮಾತು ಬೆಣ್ಣೆಯಾಗಿಬಿಟ್ಟಿತ್ತು.

ಆಗ ಊರಿನ ಪಂಚಾಯಿತಿಯಂತಿರುವ ಪ್ಯಾರಿಷ್ ಕೌನ್ಸಿಲಿನಲ್ಲಿ ಒಂದು ಜಾಗ ತೆರವಾಯಿತು. ಬೀದಿದೀಪ, ಸ್ಮಶಾನದ ಹುಲ್ಲು, ಬಸ್ ನಿಲ್ಲುವ ಕಡೆಯ ಬೆಂಚು, ಅಷ್ಟೇ ಕೌನ್ಸಿಲಿನ ಅಧಿಕಾರ. ಸಂಬಳವೂ ಇಲ್ಲ. ಮಿಸೆಸ್ ಹಾರ್ಕೋರ್ಟ್ ನಿಲ್ಲುತ್ತಾರೆಂದು ಮಾಂಸದಂಗಡಿಯ ಸಾಲಿನಲ್ಲಿ ಸುದ್ದಿ ಬಂತು. ಡೋರೀನ್ ಮನೆಗೆ ಬಂದವಳೇ ಕೋಟು ಬಿಚ್ಚದೆ ಹೇಳಿದಳು: “ನಾನೂ ನಿಲ್ತೀನಿ.”

“ಯಾತಕ್ಕೆ?” ಎಂದ ವಿಲ್ಫ್.

“ಆ ಬೆಂಚಿನ ಮೇಲೆ ಮಳೇಲಿ ಕೂತು ಬಸ್ ಕಾಯೋಳು ನಾನು. ಆಕೆ ಕಾರಿನೋಳು. ಅದಕ್ಕೆ.”

ಪ್ರಚಾರ ಬಹಳ ಮರ್ಯಾದೆಯಿಂದ ನಡೆಯಿತು. ಅಂಚೆ ಕಚೇರಿಯಲ್ಲಿ ಇಬ್ಬರೂ ಎದುರಾದರು. “ನಿಮಗೇ ಆಗ್ಲಿ ಡೋರೀನ್,” ಎಂದರು ಅವರು. “ಅಯ್ಯೋ, ನನ್ನದೇನು ಬಿಡಿ, ನಿಮಗೇ ಆಗ್ಬೇಕು,” ಎಂದಳು ಇವಳು. ಹಿಂದೆ ನಿಂತಿದ್ದ ನಾವು ಹವಾಮಾನದ ಮಾತಾಡಿದೆವು.

ಮತದಾನದ ದಿನ ಡೋರೀನ್ ತನ್ನ ಹೆಸರಿನ ಮುಂದೆ ಎಷ್ಟು ಒತ್ತಿ ಗುರುತು ಹಾಕಿದಳೆಂದರೆ ಪೆನ್ಸಿಲಿನ ಮೊನೆ ಮುರಿಯಿತು. ಎಣಿಸಿದರೆ ಇಬ್ಬರಿಗೂ ಸಮ. ಮತ್ತೆ ಎಣಿಸಿದರು, ಮತ್ತೂ ಸಮ. ಜಿಲ್ಲೆಯಿಂದ ಬಂದಿದ್ದ ಚುನಾವಣಾಧಿಕಾರಿ ಕನ್ನಡಕ ಒರೆಸಿಕೊಂಡು, “ಇನ್ನು ಚೀಟಿ ಎತ್ತೋದೇ ಕಾನೂನು,” ಎಂದರು. ಖಾಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಎರಡು ಚೀಟಿ ಹಾಕಿ, ಮುಖ ತಿರುಗಿಸಿ ಒಂದನ್ನು ಎತ್ತಿದರು. ಡೋರೀನ್ ಥ್ಯಾಕ್ರೆ.

ಅವಳ ಮುಖ ನೋಡಬೇಕಿತ್ತು! ಹದಿನೆಂಟರ ಹುಡುಗಿಯಾಗಿಬಿಟ್ಟಳು. ಮಿಸೆಸ್ ಹಾರ್ಕೋರ್ಟ್ ಮೊದಲು ಬಂದು ಕೈಕುಲುಕಿದರು. “ನನಗೆ ತುಂಬಾ ಸಂತೋಷ ಡೋರೀನ್. ನಾನೂ ನಿಮಗೇ ಹಾಕಿದ್ದು ಗೊತ್ತಾ? ನಮಗೆ ನಾವೇ ಹಾಕ್ಕೊಳ್ಳೋದು ಒಂಥರಾ ಚೆನ್ನಾಗಿರಲ್ಲ ಅಲ್ವಾ?”

ಎಲ್ಲರಿಗೂ ಕೇಳಿಸಿತು. ಎಲ್ಲರೂ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮಿಸೆಸ್ ಹಾರ್ಕೋರ್ಟ್ ತಮಗೇ ಹಾಕಿಕೊಂಡಿದ್ದರೆ ಚೀಟಿಯೂ ಬೇಕಿರಲಿಲ್ಲ, ಬಿಸ್ಕತ್ತಿನ ಡಬ್ಬಿಯೂ ಬೇಕಿರಲಿಲ್ಲ. ಡೋರೀನ್ ನಗುತ್ತಲೇ ಇದ್ದಳು. ಕುತ್ತಿಗೆ ಮಾತ್ರ ಕೆಂಪಾಯಿತು.

ವಾರದೊಳಗೆ ಅದು ಊರಿಗೆ ಅಚ್ಚುಮೆಚ್ಚಿನ ಕತೆಯಾಯಿತು. ಡೋರೀನ್ ಗೆದ್ದದ್ದನ್ನು ಯಾರೂ ಹೇಳಲಿಲ್ಲ, ಮಿಸೆಸ್ ಹಾರ್ಕೋರ್ಟ್ ಬಿಟ್ಟುಕೊಟ್ಟದ್ದನ್ನು ಹೇಳಿದರು. ಮಾಂಸದಂಗಡಿಯ ಆರ್ಕ್‌ರೈಟ್ ಸಾಸೇಜು ಕಟ್ಟುತ್ತ ಕಣ್ಣು ಮಿಟುಕಿಸಿದ: “ಏನಮ್ಮಾ ಕೌನ್ಸಿಲರಮ್ಮಾ, ನೀನು ಯಾರಿಗೆ ಹಾಕಿದ್ದೆ?”

“ಗುಟ್ಟಿನ ಮತದಾನ ಕಣಯ್ಯ. ಅದನ್ನೆಲ್ಲ ಕೇಳಬಾರದು.”

“ಓಹೋ! ಹಂಗಾದ್ರೆ ಗೊತ್ತಾಯ್ತು ಬಿಡು.”

ಸಾಲಿನಲ್ಲಿದ್ದವರು ಕೆಮ್ಮಿದರು. ಅವಳು ಸಾಸೇಜನ್ನು ಅಲ್ಲೇ ಬಿಟ್ಟು ಬಂದಳು. ದಾರಿಯಲ್ಲಿ ಅವಳ ತಲೆಯೊಳಗೆ ಇನ್ನೊಂದು ಹುಳ ಹೊಕ್ಕಿತು. ವಿಲ್ಫ್ ಹಾರ್ಕೋರ್ಟ್ ಮನೆಯ ಗೇಟು ರಿಪೇರಿ ಮಾಡಿಕೊಟ್ಟಿದ್ದ. ತೋಟದ ಬೀನ್ಸನ್ನೂ ಕೊಟ್ಟು ಬಂದಿದ್ದ. ಅಂದು ಗೋಡೆಯಾಚೆ ಅವಳ ದನಿ ಏರಿತು.

“ನೀನು ಯಾರಿಗೆ ಹಾಕಿದ್ದೆ ವಿಲ್ಫ್?”

“ಗುಟ್ಟಿನ ಮತದಾನ ಅಲ್ವೇನೆ?”

“ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳು!”

“ನಿನಗೇ ಕಣೇ ಹಾಕಿದ್ದು, ಇನ್ಯಾರಿಗೆ?” ಎಂದ ಅವನು. ಆದರೆ ಉತ್ತರ ತಡವಾಗಿ ಬಂದಿತ್ತು. ಅವಳು ಒಂದು ವಾರ ಅವನಿಗೆ ತಣ್ಣಗಿನ ಹಂದಿಮಾಂಸ ಬಡಿಸಿದಳು.

ಕೌನ್ಸಿಲಿನಲ್ಲಿ ಮಾತ್ರ ಅವಳು ಸುಮ್ಮನೆ ಕೂರಲಿಲ್ಲ. ಬೆಂಚಿನ ಮೇಲೆ ಚಾವಣಿ ಹಾಕಿಸಿದಳು. ಸ್ಮಶಾನದ ದಾರಿಗೆ ದೀಪ ತಂದಳು. ಜನ “ಒಳ್ಳೇದಾಯ್ತು” ಎಂದರು. ಅಷ್ಟರಲ್ಲಿ ಸದಸ್ಯರೊಬ್ಬರು ತೀರಿಕೊಂಡರು. ಮತ್ತೆ ಚುನಾವಣೆ ಬೇಕೆಂದು ಊರು ಕೇಳಲಿಲ್ಲ. ಹಾಗಾದಾಗ ಉಳಿದ ಸದಸ್ಯರೇ ಕೈಯೆತ್ತಿ ಒಬ್ಬರನ್ನು ಸೇರಿಸಿಕೊಳ್ಳುವ ಪದ್ಧತಿ. ಒಂದು ಕಡೆ ಗ್ಯಾರೇಜಿನ ಹೆಪ್‌ವರ್ತ್, ಇನ್ನೊಂದು ಕಡೆ ಮಿಸೆಸ್ ಹಾರ್ಕೋರ್ಟ್. ಉಳಿದವರು ಸಮನಾಗಿ ಎರಡು ಪಾಲಾಗಿದ್ದರು; ಡೋರೀನಳ ಕೈ ಏಳದಿದ್ದರೆ ಮಿಸೆಸ್ ಹಾರ್ಕೋರ್ಟ್ ಒಳಗೆ ಬರುವಂತಿರಲಿಲ್ಲ.

ಅವಳು ಕೈಯೆತ್ತಿದಳು. ಪ್ರೀತಿಯಿಂದ ಅಲ್ಲವೇ ಅಲ್ಲ. “ದೊಡ್ಡತನ ಅನ್ನೋದು ಆಕೆಯೊಬ್ಬಳ ಸ್ವತ್ತಾ? ಇನ್ಮೇಲೆ ನನ್ನದನ್ನೂ ಹೇಳ್ಲಿ,” ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು.

ಊರು ಹೇಳಿದ್ದೇ ಬೇರೆ. “ನೋಡಿದ್ರಾ ಮಿಸೆಸ್ ಹಾರ್ಕೋರ್ಟ್ ಒಳ್ಳೇತನ? ಡೋರೀನ್‌ನಂಥೋಳನ್ನೂ ಬದಲಾಯಿಸಿಬಿಟ್ರು!”

ಬಾಗಿಲಾಚೆ ಯಾರೋ ಆಡಿದ ಆ ಮಾತು ಅವಳ ಕಿವಿಗೆ ಬಿದ್ದದ್ದು ಚರ್ಚಿನ ಸುಗ್ಗಿಯ ಪ್ರಾರ್ಥನೆ ಮುಗಿದ ಮಧ್ಯಾಹ್ನ, ಸಭಾಂಗಣದ ಅಡುಗೆಮನೆಯಲ್ಲಿ. ಅವಳು ಕಪ್ಪು ತೊಳೆಯುತ್ತಿದ್ದಳು, ಮಿಸೆಸ್ ಹಾರ್ಕೋರ್ಟ್ ಪಕ್ಕದಲ್ಲಿ ನಿಂತು ಒರೆಸುತ್ತಿದ್ದರು, ನಾನು ತಟ್ಟೆ ಜೋಡಿಸುತ್ತಿದ್ದೆ. ಡೋರೀನ್ ನೀರಿನಿಂದ ಕೈ ತೆಗೆದಳು.

“ನಾನು ನನಗೇ ಹಾಕ್ಕೊಂಡಿದ್ದೆ. ಕೇಳ್ತಾ? ನನಗೇ! ಪೆನ್ಸಿಲ್ ಮುರಿಯೋ ಹಂಗೆ!”

ಮಿಸೆಸ್ ಹಾರ್ಕೋರ್ಟ್ ಒರೆಸುವುದನ್ನು ನಿಲ್ಲಿಸಲಿಲ್ಲ. “ಹಾಕ್ಕೊಳ್ಳದೆ ಇನ್ನೇನು? ನಿಮಗೆ ಅದು ಬೇಕಿತ್ತು. ನನಗೆ ಅಷ್ಟೊಂದು ಬೇಕೂ ಇರ್ಲಿಲ್ಲ. ಮನೇಲಿ ಬೇಜಾರು, ಏನಾದ್ರೂ ಮಾಡು ಅಂತ ಇವರು ಹೇಳಿದ್ರು, ನಿಂತೆ.”

ಡೋರೀನ್ ಉಳಿದ ಕಪ್ಪುಗಳನ್ನೂ ತೊಳೆದಿಟ್ಟಳು. ಮನೆಗೆ ಬಂದ ಮೇಲೆ ನನ್ನ ಎದುರು ಕೂತು ಅತ್ತಳು. “ಬೇಕೂ ಇರ್ಲಿಲ್ಲವಂತೆ ಕಣೇ! ನಾನು ನಿದ್ದೆಗೆಟ್ಟು ಹಂಬಲಿಸಿದ್ದು ಆಕೆಗೆ ಬೇಜಾರು ಕಳೆಯೋ ಆಟವಂತೆ.”

ಆಮೇಲೆ ಎಂಟು ವರ್ಷ ಇಬ್ಬರೂ ಒಂದೇ ಮೇಜಿನ ಸುತ್ತ ಕೂತರು. ಅವರು ಹೌದೆಂದದ್ದಕ್ಕೆ ಇವಳು ಅಲ್ಲವೆಂದಳು, “ಕ್ಷಮಿಸಿ, ನನಗೆ ಹಾಗನ್ನಿಸಲ್ಲ” ಎಂಬ ಬೆಣ್ಣೆ ಮಾತಿನಲ್ಲೇ. ಜಗಳಕ್ಕೆಂದು ಕಾನೂನಿನ ಪುಸ್ತಕ ಓದಿದಳು, ಸಭೆ ನಡೆಸುವ ನಿಯಮಗಳನ್ನು ಬಾಯಿಪಾಠ ಮಾಡಿದಳು. ಯಜಮಾನರು ತೀರಿಕೊಂಡ ಮೇಲೆ ಮಿಸೆಸ್ ಹಾರ್ಕೋರ್ಟ್ ಮನೆ ಮಾರಿ ದೂರದ ಡೆವನ್ನಿನಲ್ಲಿದ್ದ ತಂಗಿಯ ಊರಿಗೆ ಹೊರಟರು. ಡೋರೀನ್ ಬೀಳ್ಕೊಡಲು ಹೋಗಿ, ಕೈಕುಲುಕಿ, ಪ್ರಯಾಣದ ಹವಾಮಾನದ ಬಗ್ಗೆ ಎರಡು ಮಾತಾಡಿ ಬಂದಳು.

ಆಮೇಲಿನ ಸಭೆಗಳಲ್ಲಿ ಅವಳು ಬಾಯಿ ತೆರೆಯಲೇ ಇಲ್ಲ. ಮೈಗೆ ಹುಷಾರಿಲ್ಲವೇನೋ ಎಂದು ನಾವು ಅಂದುಕೊಂಡೆವು. ಆ ಕ್ರಿಸ್‌ಮಸ್ಸಿಗೆ ಡೆವನ್ನಿನಿಂದ ಕಾರ್ಡು ಬಂತು. ಅವಳು ಅದನ್ನು ಹಿಡಿದು, ಏಪ್ರನ್ನಿನಲ್ಲೇ ನನ್ನ ಮನೆಗೆ ನುಗ್ಗಿದಳು.

“ಅಲ್ಲೂ ಕೌನ್ಸಿಲಿಗೆ ಸೇರಿದಾಳಂತೆ! ಹೋಗಿ ವರ್ಷ ಆಗಿಲ್ಲ, ಅಧ್ಯಕ್ಷೆ ಬೇರೆ ಆಗಿದಾಳಂತೆ!”

“ಒಳ್ಳೇದಾಯ್ತಲ್ಲ,” ಎಂದೆ.

“ಏನು ಒಳ್ಳೇದು?” ಎಂದು ಕುರ್ಚಿ ಎಳೆದು ಕೂತಳು. ಕಣ್ಣಿನಲ್ಲಿ ಎಷ್ಟೋ ತಿಂಗಳ ಮೇಲೆ ಕಿಡಿ ಕಂಡೆ. “ನಮ್ಮ ಅಧ್ಯಕ್ಷರ ಅವಧಿ ಮೇ ತಿಂಗಳಿಗೆ ಮುಗಿಯುತ್ತೆ. ನನ್ನ ಹೆಸರು ಸೂಚಿಸೋಕೆ ಯಾರನ್ನ ಕೇಳಲಿ, ಹೇಳು?”

ಮೇ ತಿಂಗಳ ಸಭೆಯಲ್ಲಿ ಅವಳಿಗೆ ಎದುರಾಗಿ ಯಾರೂ ನಿಲ್ಲಲಿಲ್ಲ. ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಅವಳು ಮಾಡಿದ ಮೊದಲ ಕೆಲಸವೆಂದರೆ ಪತ್ರಿಕೆಯವನಿಂದ ಫೋಟೊ ತೆಗೆಸಿಕೊಂಡದ್ದು. ಅದರ ಒಂದು ಪ್ರತಿ ಮರುದಿನವೇ ಡೆವನ್ನಿಗೆ ಹೋಯಿತು.