ಆ ಸಿಗ್ನಲ್ ಕೆಟ್ಟಿರಲಿಲ್ಲ

ನಾಗರಾಜಣ್ಣ, ಆ ಭಾನುವಾರ ನಿಮ್ಮ ಸಿಗ್ನಲ್ ಕೆಟ್ಟಿರಲಿಲ್ಲ. ಅದನ್ನು ಕೆಂಪು ಮಾಡಿದವನು ನಾನು. ನೀವು ಬಂದು ಕೇಳಿದಾಗ ಗೊತ್ತಿಲ್ಲ ಎಂದವನೂ ನಾನೇ. ಇಷ್ಟನ್ನು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು—

ಟಿ. ದಾಸರಹಳ್ಳಿಯ ಆ ವಠಾರದಲ್ಲಿ ನೀವು ಮಹಡಿಯ ಮೇಲೆ, ನಾನು ಮೆಟ್ಟಿಲ ಕೆಳಗಿನ ಒಂಟಿ ಕೋಣೆಯಲ್ಲಿ. ನೀವು ರೈಲಿನ ಸಿಗ್ನಲ್ ನೋಡಿಕೊಳ್ಳುವವರು. ನಾನು ಗದಗದ ಕಡೆಯಿಂದ ಬಂದು ಪೀಣ್ಯದ ಒಂದು ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದವನು. ಊರಿಗೆ ಹೊಸಬನಾದ ನನಗೆ ಜ್ವರ ಬಂದಾಗ ಗಂಜಿ ಬಂದದ್ದು ನಿಮ್ಮ ಮನೆಯಿಂದ. ಅದನ್ನು ಮರೆತಿದ್ದೆ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ನೆನಪಿದ್ದೂ ಮಾಡಿದೆ.

ನನ್ನ ಕೈಯ ಮೇಲೆ ನನಗೆ ಬಲು ಜಂಬ. ಕಬ್ಬಿಣ ನಾನು ಹೇಳಿದ ಹಾಗೆ ಕೇಳುತ್ತದೆ ಎಂದು ಶೆಡ್ಡಿನಲ್ಲಿ ಕೊಚ್ಚಿಕೊಳ್ಳುತ್ತಿದ್ದೆ. ಜೊತೆಗೆ ಕೆಲಸ ಮಾಡುತ್ತಿದ್ದ ಮಂಜ ಒಂದು ದಿನ ಮೊಬೈಲಿನಲ್ಲಿ ವಿಡಿಯೊ ತೋರಿಸಿದ. ಯಾವುದೋ ದೇಶದಲ್ಲಿ ಒಬ್ಬ ರೈಲಿನ ಹಳಿಯ ಮೇಲೆ ಸೈಕಲ್ ತುಳಿಯುತ್ತಿದ್ದ.

"ಇಂಥದ್ದೊಂದು ಮಾಡ್ತೀಯಾ ಮಗಾ? ರೀಲ್ ಹಾಕಿದ್ರೆ ಸಕ್ಕತ್ ಓಡುತ್ತೆ."

ಅಷ್ಟು ಸಾಕಾಯಿತು. ಮೊದಲೇ ಕೋತಿ, ಮೇಲೆ ಹೆಂಡ ಕುಡಿದರೆ ಎನ್ನುತ್ತಾರಲ್ಲ—ನನಗೆ ಹೆಂಡವೂ ಬೇಕಿರಲಿಲ್ಲ, ಹೊಗಳಿಕೆಯೇ ಸಾಕಿತ್ತು.

ಹಳೆಯ ಸೈಕಲ್ಲಿನ ಟೈರು ಹಳಿಯಿಂದ ಜಾರದಂತೆ ಹಿಂದೆ ಮುಂದೆ ಕಬ್ಬಿಣದ ರೋಲರ್ ಕೂರಿಸಿದೆ. ಮಗುಚದಂತೆ ಪಕ್ಕಕ್ಕೆ ಒಂದು ಉದ್ದನೆಯ ಪೈಪು. ಅದರ ತುದಿಗೆ, ಆಚೆ ಹಳಿಯ ಮೇಲೆ ಉರುಳಲು ಕಬ್ಬಿಣದ ಪುಟ್ಟ ಗಾಲಿ. ನೈಲಾನಿನದು ಹಾಕು, ಹಗುರವಾಗಿರುತ್ತದೆ ಎಂದು ಮಂಜ ಹೇಳಿದ. ನಾನು ನಕ್ಕುಬಿಟ್ಟೆ. "ಇದೇನ್ ಸಣ್ಣ ಹುಡುಗರ ಆಟಗಿ ಸಾಮಾನೇನೋ?"

ಹಳಿಯ ಮೇಲೆ ನಡೆದರೂ ಕೇಸು, ಜೈಲು ಎಂದು ನೀವು ವಠಾರದ ಮಕ್ಕಳನ್ನು ಗದರಿಸಿದ್ದನ್ನು ನಾನು ಕೇಳಿದ್ದೆ. ತಪ್ಪೆಂದು ಗೊತ್ತಿತ್ತು. ಗೊತ್ತಿದ್ದರಿಂದಲೇ ಶೆಡ್ಡುಗಳಿಗೆ ರಜೆ ಇರುವ ಭಾನುವಾರವನ್ನು ಆರಿಸಿದೆವು. ಸ್ಟೇಷನ್ನಿನಿಂದ ಸ್ವಲ್ಪ ಈಚೆಗೆ, ಕಾರ್ಖಾನೆಯ ಹಿಂಗೋಡೆಯನ್ನು ಒತ್ತಿಕೊಂಡು ಹಳಿ ತಿರುಗುತ್ತದಲ್ಲ, ಅಲ್ಲಿ. ಮಂಜ ಆ್ಯಪ್ ನೋಡಿ, "ಈಗ ಯಾವ ಗಾಡೀನೂ ಇಲ್ಲ ಕಣೋ, ಹತ್ತು" ಎಂದ. ಗೂಡ್ಸ್ ಗಾಡಿ ಆ್ಯಪಿನಲ್ಲಿ ಕಾಣುವುದಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಸೈಕಲ್ ಓಡಿತು ನಾಗರಾಜಣ್ಣ. ಎಷ್ಟು ಚೆನ್ನಾಗಿ ಓಡಿತು ಎಂದು ಹೇಳಲು ಈಗಲೂ ನಾಲಿಗೆ ತುರಿಸುತ್ತದೆ, ಅದಕ್ಕೂ ನಾಚಿಕೆಯಾಗುತ್ತದೆ. ಮಂಜ ಕ್ಯಾರಿಯರ್ ಮೇಲೆ ಕೂತು ವಿಡಿಯೊ ಮಾಡುತ್ತಿದ್ದ. ತಿರುವಿನ ಹತ್ತಿರ ಹಾರ್ನ್ ಕೇಳಿತು—ಉದ್ದನೆಯ, ಬಿಡದ ಹಾರ್ನ್. ಗೋಡೆಯಂಚಿನಿಂದ ಇಣುಕಿದರೆ ದೂರದಲ್ಲಿ ಎಂಜಿನ್ನಿನ ಮೂತಿ. ನಮ್ಮದೇ ಹಳಿಯ ಮೇಲೆ. ನಿಂತಿತ್ತು.

ಯಾಕೆ ನಿಂತಿದೆ ಎಂದು ಯೋಚಿಸುವ ಪುರುಸೊತ್ತು ಯಾರಿಗಿತ್ತು? ಸೈಕಲ್ ಎತ್ತಲು ಹೋದರೆ ಏಳಲಿಲ್ಲ. ಹಳಿಗಳ ಜೋಡಣೆಯಲ್ಲಿ ರೋಲರ್ ಕಚ್ಚಿಕೊಂಡಿತ್ತು. ನಾನು ಹೇಳಿದ ಹಾಗೆ ಕೇಳುವ ಕಬ್ಬಿಣ! "ಬಿಟ್ಟು ಓಡೋ!" ಎಂದು ಮಂಜ ಕಿರುಚಿದ. ನಾನು ಬಿಡಲಿಲ್ಲ. ಗಾಡಿ ಹಳಿ ತಪ್ಪೀತೆಂಬ ಭಯವೋ, ಸಿಕ್ಕಿಬೀಳುತ್ತೇವೆಂಬ ಭಯವೋ—ಯಾವುದು ಹೆಚ್ಚಿತ್ತು ಎಂದು ಕೇಳಬೇಡಿ. ಒದ್ದೆ, ಜಗ್ಗಿದೆ, ಕೊನೆಗೆ ಕಿತ್ತುಕೊಂಡು ಬಂತು. ಅದರ ಸಮೇತ ಇಬ್ಬರೂ ಪಕ್ಕದ ಪೊದೆಗೆ ಉರುಳಿದೆವು. ಸ್ವಲ್ಪ ಹೊತ್ತಿಗೆ ಗಾಡಿ ಹೊರಟಿತು. ವ್ಯಾಗನ್ನುಗಳು ಒಂದರ ಹಿಂದೊಂದು ನಮ್ಮ ತಲೆಯ ಪಕ್ಕದಲ್ಲೇ ಹಾದುಹೋದವು. ಎದೆಯ ಕೆಳಗೆ ನೆಲ ನಡುಗುತ್ತಿತ್ತು.

"ನಮ್ ಲಕ್ಕು ಕಣೋ" ಎಂದ ಮಂಜ. ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ. ವಿಡಿಯೊ ಅಳಿಸಿದೆವು. ಸಂಜೆ ಶೆಡ್ಡಿನಲ್ಲಿ ಸೈಕಲ್ಲನ್ನು ತುಂಡು ತುಂಡಾಗಿ ಕತ್ತರಿಸಿದೆ. ಆ ಪುಟ್ಟ ಗಾಲಿಯನ್ನು ಮಾತ್ರ ಯಾಕೋ ಇಟ್ಟುಕೊಂಡೆ.

ಆ ವಾರವೆಲ್ಲ ನೀವು ಬಿಸಿಲಲ್ಲಿ ಹಳಿಯುದ್ದಕ್ಕೂ ಹುಡುಕಿದಿರಿ. ತಾನಾಗಿ ಬಂದು ತಾನಾಗಿ ಹೋದ ಫಾಲ್ಟು ಎಲ್ಲಿ ಸಿಗಬೇಕು? ನಿಮ್ಮ ಅಜಾಗರೂಕತೆ ಎಂದು ಮೇಲಿನವರು ತೀರ್ಮಾನಿಸಿದರು. ಒಂದು ಸಂಜೆ ಬಂದು ನನ್ನ ಹೊಸ್ತಿಲ ಮೇಲೆ ಕೂತಿರಿ.

"ಎರಡೂ ಹಳೀಲಿ ಸಣ್ಣ ಕರೆಂಟ್ ಓಡ್ತಿರುತ್ತೆ ಈರಣ್ಣ. ಗಾಡಿ ಬಂದ್ರೆ ಅದರ ಗಾಲಿಗಳು ಎರಡನ್ನೂ ಸೇರಿಸ್ತವೆ. ಆಗ ಹಿಂದಿನ ಗಾಡಿಗೆ ಸಿಗ್ನಲ್ ಕೆಂಪಾಗುತ್ತೆ. ಅವತ್ತು ಹಳಿ ಮೇಲೆ ಏನೂ ಇರ್ಲಿಲ್ಲ, ಆದ್ರೂ ಕೆಂಪಾಯ್ತು. ನೀನು ಕಬ್ಬಿಣದ ಕೆಲಸದೋನು. ಯಾರಾದ್ರೂ ಅಲ್ಲಿ ಕಬ್ಬಿಣ ಗಿಬ್ಬಿಣ ಹಾಕಿದ್ದು ನಿನ್ ಕಿವಿಗೆ ಬಿತ್ತೇನೋ?"

ಆಗ ನನಗೆ ಹೊಳೆಯಿತು. ಲಕ್ಕೂ ಅಲ್ಲ, ಏನೂ ಅಲ್ಲ. ನನ್ನ ಪೈಪು ಎರಡು ಹಳಿಗಳನ್ನು ಸೇರಿಸಿತ್ತು. ನಿಮ್ಮ ಸಿಗ್ನಲ್ ನಮ್ಮನ್ನು ಕಂಡು ಗಾಡಿಯನ್ನು ತಡೆದಿತ್ತು. ನೈಲಾನ್ ಹಾಕಿದ್ದರೆ ಅದು ಹಸಿರಾಗಿಯೇ ಇರುತ್ತಿತ್ತು, ನಾವು—. ನಿಮ್ಮ ಕೈಕೆಲಸ ಎರಡು ಜೀವ ಉಳಿಸಿತ್ತು, ಅದಕ್ಕೇ ನಿಮಗೆ ಶಿಕ್ಷೆಯಾಗುತ್ತಿತ್ತು. ಆ ಗಾಲಿ ಮಂಚದ ಕೆಳಗೇ ಇತ್ತು, ನಿಮ್ಮ ಕಾಲಿನಿಂದ ಮಾರು ದೂರದಲ್ಲಿ. ಬಾಯಿ ತೆರೆದೆ. ಜೈಲು ನೆನಪಾಯಿತು.

"ಇಲ್ರೀ ಅಣ್ಣಾ, ನನಗೇನೂ ಗೊತ್ತಿಲ್ಲ. ನಾ ಆ ಕಡೆ ಹೋಗೂದೇ ಇಲ್ಲ."

ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡಿದ್ದೆ. ಆ ಕಡೆ ಹೋಗಿದ್ದೆಯಾ ಎಂದು ನೀವು ಕೇಳಿಯೇ ಇರಲಿಲ್ಲ. ಆದರೂ ನಂಬಿದಿರಿ. ಏಳುವಾಗ ನನ್ನ ಭುಜ ತಟ್ಟಿ, ಊಟಕ್ಕೆ ಮೇಲೆ ಬಾ ಎಂದಿರಿ.

ನಿಮ್ಮನ್ನು ದೂರದ ಸ್ಟೇಷನ್ನಿಗೆ ಹಾಕಿದರು. ನನ್ನನ್ನು ಅದಕ್ಕಿಂತ ಹೆಚ್ಚಾಗಿ ಸುಡುವುದು ಇನ್ನೊಂದಿದೆ. ಹೋಗುವ ಮುಂಚಿನ ದಿನಗಳಲ್ಲಿ ನೀವು ಮನೆಗೆ ಬೀಗ ಹಾಕಿ ಮೆಟ್ಟಿಲಿಳಿದು, ಮತ್ತೆ ಹತ್ತಿ, ಬೀಗ ಜಗ್ಗಿ ನೋಡುತ್ತಿದ್ದಿರಿ. ಇಳಿದು, ಮತ್ತೆ ಹತ್ತುತ್ತಿದ್ದಿರಿ. ಮೆಟ್ಟಿಲ ಕೆಳಗೆ ಕೂತು ನಾನು ಆ ಸದ್ದು ಕೇಳುತ್ತಿದ್ದೆ. ನಿಮ್ಮ ಕೈಯನ್ನು ನೀವೇ ನಂಬದ ಹಾಗೆ ಮಾಡಿಬಿಟ್ಟಿದ್ದೆ. ಆದರೂ ಮೇಲೆ ಬರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವನು ನಾನು, ಉಂಡವರು ನೀವು.

ಮೊನ್ನೆ ಮೆಟ್ರೊ ನಿಲ್ದಾಣದಲ್ಲಿ ನೀವೇ ಗುರುತು ಹಿಡಿದು ಕೂಗಿದಿರಿ. ರಿಟೈರಾಗಿ ಮತ್ತೆ ದಾಸರಹಳ್ಳಿಗೇ ಬಂದಿದ್ದೀರಿ. ಮಾತಿನ ನಡುವೆ, "ಸರ್ವೀಸಲ್ಲಿ ಎಲ್ಲಾ ಫಾಲ್ಟೂ ಹಿಡಿದೆ ಕಣೋ, ಅದೊಂದು ಸಿಗ್ಲಿಲ್ಲ. ನಂದೇ ಏನೋ ತಪ್ಪಿರ್ಬೇಕು ಬಿಡು" ಎಂದು ನಕ್ಕಿರಿ. ರೈಲು ಬಂತು, ಹತ್ತಿಬಿಟ್ಟೆ.

ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಆ ಗಾಲಿಯನ್ನೂ ತರುತ್ತೇನೆ. ತುಕ್ಕು ಹಿಡಿದಿದೆ, ಆದರೂ ಹಳಿ ಉಜ್ಜಿದ ಗೀರು ಕಾಣುತ್ತದೆ. ಆಮೇಲೆ ನಿಮ್ಮ ಆಫೀಸಿಗೆ ಹೋಗಿ ಅಲ್ಲಿಯೂ ಹೇಳುತ್ತೇನೆ, ಕೇಸು ಹಾಕಿದರೆ ಹಾಕಲಿ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ನೀವು ಬೈಯಬಹುದು, ಬಾಗಿಲು ಹಾಕಿಕೊಳ್ಳಬಹುದು. ಹೊರಗೇ ನಿಂತು ಒಂದು ಮಾತು ಹೇಳಿ ಹೋಗುತ್ತೇನೆ. ಅವತ್ತು ಹಳಿಯ ಮೇಲೆ ಏನೂ ಇರಲಿಲ್ಲ ಎಂದಿದ್ದಿರಿ. ಇತ್ತು ಅಣ್ಣ. ನಾನಿದ್ದೆ.