ಬಲಿ ಎಂಬ ಎರಡಕ್ಷರ

ಪತ್ರಿಕೆಯ ಕಚೇರಿಯಲ್ಲಿ ಎಲ್ಲರಿಗೂ ಅವಳು ಪೆಟ್ಟಿಗೆ ಅಕ್ಕ. ರಜೆಯಲ್ಲಿ ಮನೆಗೆ ಬಂದರೂ ಅವಳ ಬಟ್ಟೆ ಪೆಟ್ಟಿಗೆಯಿಂದಿಳಿದು ಬೀರು ಸೇರುತ್ತಿರಲಿಲ್ಲ. "ಇದೇನು ಲಾಡ್ಜಾ?" ಎಂದು ತಾಯಿ ಕೇಳಿದರೆ, "ಲಾಡ್ಜಲ್ಲಿ ಇಷ್ಟು ಬೈಯಲ್ಲಮ್ಮ" ಎನ್ನುತ್ತಿದ್ದಳು.

ವಿದೇಶ ಪ್ರತಿನಿಧಿಯ ಹುದ್ದೆ ಅವಳಿಗೆ ಒಲಿದು ಬಂದದ್ದಲ್ಲ, ಉಳಿದು ಬಂದದ್ದು. ಗಡಿಯಾಚೆಯ ದೇಶದಲ್ಲಿ ಯುದ್ಧ ಶುರುವಾದ ಕೂಡಲೇ ಅಲ್ಲಿದ್ದ ಹಿರಿಯ ವರದಿಗಾರರಿಗೆ ಸೊಂಟ ಹಿಡಿದುಕೊಂಡಿತು. ಅವರ ಜಾಗಕ್ಕೆ ಹೆಸರಿಸಿದ ಗಂಡಸರಿಗೆಲ್ಲ ಒಬ್ಬೊಬ್ಬರಾಗಿ ಹೆಂಡತಿ ಮಕ್ಕಳ ನೆನಪಾಯಿತು. ಅನುವಾದದ ಮೇಜಿನಲ್ಲಿ ಕೂತು ಬೇರೆಯವರು ಕಂಡದ್ದನ್ನು ಬರೆದು ಬರೆದು ರೋಸಿಹೋಗಿದ್ದ ಇವಳು ಕೈ ಎತ್ತಿದಳು. ಗಿರಾಕಿ ಕೇಳದ ಸರಕನ್ನು ಪರವೂರಿಗೆ ಸಾಗಿಸುವಂತೆ ಸಂಪಾದಕರು ಅವಳನ್ನು ಸಾಗಹಾಕಿದರು. ಸರಕು ಬಿಸಿಬಿಸಿಯಾಗಿ ಬಿಕರಿಯಾಯಿತು. ಅವಳ ವರದಿಗಾಗಿಯೇ ಪತ್ರಿಕೆ ಕೊಳ್ಳುವವರು ಹುಟ್ಟಿಕೊಂಡರು. ಮಾಲೀಕರು ಸಭೆ ಸಭೆಯಲ್ಲೂ ಅವಳ ಫೋಟೊ ತೋರಿಸಿ ಚಪ್ಪಾಳೆ ಗಿಟ್ಟಿಸಿದರು. ಗುಂಡು ತಡೆಯುವ ಅಂಗಿ ಬೇಕೆಂದು ಅವಳು ಕೇಳಿದಾಗ ಮಾತ್ರ ಅವರಿಗೆ ಕಿವಿ ಮಂದವಾಗುತ್ತಿತ್ತು.

ಆ ದೇಶದಲ್ಲಿ ಅವಳ ಕಣ್ಣು, ಕಿವಿ, ನಾಲಗೆ ಎಲ್ಲವೂ ಅವಳ ಕಾರಿನ ಚಾಲಕ. ಮಾತನ್ನು ಅನುವಾದಿಸುವುದಷ್ಟೇ ಅಲ್ಲ, ಅದರಲ್ಲಿ ಎಷ್ಟು ನೀರು ಬೆರೆತಿದೆಯೆಂದೂ ಹೇಳಿಬಿಡುತ್ತಿದ್ದ. "ಮೇಡಂ, ಈ ಕರ್ನಲ್ ಹೇಳಿದ್ರಲ್ಲಿ ಅವನ ಹೆಸರೊಂದೇ ನಿಜ."

ಒಂದು ಮಧ್ಯಾಹ್ನ ಸೇನೆಯ ತಪಾಸಣಾ ಗೇಟಿನ ಮುಂದೆ ಅವನು ಕಾರು ನಿಲ್ಲಿಸಿದ. ಎಂಜಿನ್ ಆರಿಸಿ ಎರಡೂ ಕೈಯನ್ನು ಕಿಟಕಿಯಿಂದ ಹೊರಗೆ ಚಾಚಿದ. ಸೈನಿಕನೊಬ್ಬ ನಡೆದು ಬಂದು ಅವನಿಗೆ ಗುಂಡು ಹೊಡೆದ. ಬೇರೆ ಯಾರೂ ಹೊಡೆಯಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಅವಳು ಎಲ್ಲವನ್ನೂ ಕಂಡಳು. ಅಂದು ಕಳಿಸಿದ ವರದಿಯ ಮೊದಲ ಸಾಲು: "ನಿಂತ ಕಾರಿನಲ್ಲಿ ಕೂತಿದ್ದ ನನ್ನ ಚಾಲಕನನ್ನು ಸೈನಿಕನೊಬ್ಬ ಕೊಂದ."

ಬೆಳಿಗ್ಗೆ ಅವಳದೇ ಹೆಸರಿನೊಡನೆ ಅಚ್ಚಾದದ್ದು: "ಗುಂಡಿನ ಚಕಮಕಿ: ಚಾಲಕ ಬಲಿ." ಒಳಗಿನ ಸಾಲುಗಳನ್ನೂ ಅದಕ್ಕೆ ತಕ್ಕಂತೆ ಕತ್ತರಿಸಿ ಹೊಲಿದಿದ್ದರು.

ಕೆಲವು ದಿನಗಳಲ್ಲೇ ಚಾಲಕನ ಹೆಂಡತಿ ಅವಳು ತಂಗಿದ್ದ ಕೋಣೆಯ ಬಾಗಿಲಿಗೆ ಬಂದಳು. "ಅಕ್ಕಾ, ದೂರು ಕೊಡೋಕೆ ಹೋದ್ರೆ ನಿಮ್ಮ ಪೇಪರನ್ನೇ ತರ್ಜುಮೆ ಮಾಡಿಸಿ ಮುಖಕ್ಕೆ ಹಿಡೀತಾರೆ. ಜೊತೇಲಿದ್ದವಳೇ ಚಕಮಕಿ ಅಂತ ಬರೆದಿದಾಳಲ್ಲ, ಇನ್ನೇನು ಅಂತಾರೆ. ನೀವೇ ಹಾಗೆ ಬರೆದ್ರಾ?"

ಇಂಥ ಸಾವುಗಳಿಗೆ ಆ ದೇಶದ ನ್ಯಾಯಾಲಯ ಹೆಸರಿಗೊಂದು ನಡೆಸುವ ವಿಚಾರಣೆಯ ದಿನ ಹತ್ತಿರವಿತ್ತು. ಅಷ್ಟರೊಳಗೆ ಪತ್ರಿಕೆ ತಿದ್ದುಪಡಿ ಹಾಕದಿದ್ದರೆ ಕೊಂದವನು ಕೈ ತೊಳೆದುಕೊಂಡು ಹೋಗುತ್ತಿದ್ದ. ಅವಳು ವಿಮಾನ ಹತ್ತಿದಳು. ಇಳಿದವಳು ಮನೆಗೂ ಹೋಗದೆ ಸೀದಾ ಸುದ್ದಿಮನೆಗೆ ನುಗ್ಗಿದಳು.

"ಬಾ ಅಕ್ಕ, ಟೀ ತರಿಸ್ಲಾ?" ಎಂದ ಶೀರ್ಷಿಕೆ ಕೊಡುವ ಉಪಸಂಪಾದಕ.

"ನಾನು ಬರೆದ 'ಕೊಂದ' ಎಲ್ಲಿ ಹೋಯ್ತು?"

"ಸಿಂಗಲ್ ಕಾಲಂ ಕಣಕ್ಕ, ಜಾಗ ಇರ್ಲಿಲ್ಲ. ಬಲಿ ಅಂದ್ರೆ ಎರಡೇ ಅಕ್ಷರ. ಪ್ರವಾಹಕ್ಕೂ ಬಲಿ, ಜ್ವರಕ್ಕೂ ಬಲಿ, ಲಾರಿಗೂ ಬಲಿ. ಎಲ್ಲಿ ಹಾಕಿದ್ರೂ ಕೂರುತ್ತೆ."

"ಕೊಂದ ಅನ್ನೋದೂ ಎರಡೇ ಅಕ್ಷರ."

ಅವನು ಬೆರಳು ಮಡಚಿ ಎಣಿಸಿದ. ಆಮೇಲೆ ದನಿ ತಗ್ಗಿಸಿದ. "ಹೌದು. ಆದ್ರೆ ಕೊಂದ ಅಂದ್ಮೇಲೆ ಯಾರು ಅಂತ ಹೇಳ್ಬೇಕಾಗುತ್ತೆ. ಬಲಿ ಅಂದ್ರೆ ಯಾರೂ ಕೇಳಲ್ಲ."

"ಚಕಮಕಿ?"

ಅವನು ಸಂಪಾದಕರ ಗಾಜಿನ ಕೋಣೆಯತ್ತ ಗದ್ದ ಎತ್ತಿದ.

ಸಂಪಾದಕರು ಬೆಣ್ಣೆಯಂತೆ ಮಾತನಾಡಿದರು. "ನೋಡಮ್ಮ, ಸೇನೆಯ ಹೇಳಿಕೇಲಿ ಚಕಮಕಿ ಅಂತಿತ್ತು. ಎರಡೂ ಕಡೆಯದನ್ನ ತೂಗಿ ಹಾಕಿದ್ವಿ."

"ಒಂದು ಕಡೆ ಹೆಣ, ಇನ್ನೊಂದು ಕಡೆ ಹೇಳಿಕೆ. ಯಾವ ತಕ್ಕಡಿ ಸರ್ ಅದು?"

"ತಿದ್ದುಪಡಿ ಹಾಕಿದ್ರೆ ನಾಳೆಯಿಂದ ನಮ್ಮವರ್ಯಾರಿಗೂ ವೀಸಾ ಸಿಗಲ್ಲ. ಬೇಕಾದ್ರೆ ಅವನ ಮೇಲೊಂದು ನುಡಿನಮನ ಬರಿ. ಅರ್ಧ ಪುಟ ಕೊಡ್ತೀನಿ. ಓದಿದವರು ಅತ್ತುಬಿಡ್ಬೇಕು."

"ಅಳೋಕೆ ಅರ್ಧ ಪುಟ ಇದೆ, ಎರಡಕ್ಷರಕ್ಕೆ ಜಾಗ ಇಲ್ಲ. ಆಯ್ತು, ನಾನೇ ಹೋಗಿ ಸಾಕ್ಷಿ ಹೇಳ್ತೀನಿ."

"ನಮ್ಮ ವರದಿಗಾರರು ಸಾಕ್ಷಿ ಹೇಳೋ ಪದ್ಧತಿ ಇಲ್ಲ. ಹೋಗೋದಾದ್ರೆ ಗುರುತಿನ ಚೀಟಿ ಇಟ್ಟು ಹೋಗು."

ಅವಳು ಅದನ್ನು ಕೊರಳಿಂದ ತೆಗೆದು ಅವರ ಟೀ ಲೋಟದ ಮೇಲೆ ಮುಚ್ಚಳದಂತೆ ಇಟ್ಟು ಹೊರಟಳು.

ಮನೆಯಲ್ಲಿ ತಾಯಿ ಹೌಹಾರಿದಳು. "ಇಷ್ಟು ವರ್ಷದ ಕೆಲಸ ಕಣೇ. ಯಾರೋ ಡ್ರೈವರಿಗೋಸ್ಕರ?"

"ಯಾರೋ ಅಲ್ಲಮ್ಮ. ನನ್ನ ಹೆಸರಲ್ಲಿ ಅವನನ್ನ ಇನ್ನೊಂದು ಸಲ ಸಾಯಿಸಿದಾರೆ."

ವಿಚಾರಣೆಯಲ್ಲಿ ಸೇನೆಯ ವಕೀಲ ಪತ್ರಿಕೆಯನ್ನು ಬಾವುಟದಂತೆ ಬೀಸಿದ. "ಈ ಹೆಸರು ನಿಮ್ಮದು ತಾನೇ?"

"ಹೆಸರು ನಂದು. ಅದರ ಕೆಳಗಿನ ಸುಳ್ಳು ನಂದಲ್ಲ."

ತಿರುಗಿಸಿ ಮುರುಗಿಸಿ ಕೇಳಿದರೂ ಅವಳು ಜಗ್ಗಲಿಲ್ಲ. ಕಾರು ನಿಂತಿತ್ತು, ಕೈಗಳು ಹೊರಗಿದ್ದವು, ಹೊಡೆದವನು ಅಗೋ, ಆ ಕಂಬದ ಪಕ್ಕ ಕೂತಿದ್ದಾನೆ. ಕೊನೆಗೆ ನ್ಯಾಯಾಧೀಶರು ಅವನನ್ನೇ ಅಪರಾಧಿಯೆಂದರು. ಚಾಲಕನ ಹೆಂಡತಿ ಅವಳ ಕೈ ಹಿಡಿದುಕೊಂಡು ನಿಂತಳು, ಬಿಡಲೇ ಇಲ್ಲ. ಆ ದೇಶದವರು ಮರುದಿನವೇ ಇವಳನ್ನು ವಿಮಾನ ಹತ್ತಿಸಿ, ಇನ್ನು ಈ ಕಡೆ ತಲೆ ಹಾಕಬೇಡವೆಂದರು.

ಅವಳು ಮನೆ ಮುಟ್ಟುವ ಮೊದಲೇ ಪತ್ರಿಕೆಯ ಮುಖಪುಟದಲ್ಲಿ ಅವಳ ದೊಡ್ಡ ಫೋಟೊ ಬಂದಿತ್ತು: "ನಮ್ಮ ಪ್ರತಿನಿಧಿಯ ದಿಟ್ಟ ಸಾಕ್ಷ್ಯ." ಸಂಜೆ ಸಂಪಾದಕರ ಫೋನು. ಮಾಲೀಕರು ಸನ್ಮಾನ ಇಟ್ಟುಕೊಂಡಿದ್ದಾರಂತೆ, ಎರಡು ಮಾತಾಡಬೇಕಂತೆ.

"ಮೊದಲಿಂದಲೂ ನಾವು ನಿನ್ನ ಬೆನ್ನಿಗಿದ್ವಿ ಅಂತ ಹೇಳಿದ್ರೆ ಸಾಕಮ್ಮ."

"ಬೆನ್ನ ಹಿಂದೇನೇ ಇದ್ರಿ ಸರ್. ಅದಕ್ಕೇ ನೀವು ಮಾಡಿದ್ದು ನನಗೆ ತಡವಾಗಿ ಕಾಣಿಸ್ತು," ಎಂದು ಅವಳು ಫೋನಿಟ್ಟಳು.