ಮಾಯಸಂದ್ರದಲ್ಲಿ ಪತ್ರೊಡೆ

ಬಾಡಿಗೆ ಮನೆ ನೋಡಲು ಹೋದ ದಿನ ಮನೆಯ ಒಡತಿ ಪಾರ್ವತಮ್ಮ ಒಂದು ತೆಂಗಿನಕಾಯಿ ತಂದು ನನ್ನ ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದರು. ಒಳಗೆ ಏನೋ ಕಟಕಟ ಎಂದಿತು. ನೀರಿನ ಸದ್ದೇ ಇಲ್ಲ. "ಕೇಳುಸ್ತಾ? ಇದು ಹದವಾಗೈತೆ," ಎಂದರು. ನಾನು ಗಾಬರಿಯಾದೆ. ನೀರಿಲ್ಲದ ಕಾಯಿಯನ್ನು ನನ್ನೂರಿನ ಅಂಗಡಿಯವನು ಕೊಟ್ಟಿದ್ದರೆ ಅವನ ಮುಖದ ಮೇಲೆಯೇ ವಾಪಸು ಇಟ್ಟು ಬರುತ್ತಿದ್ದೆ.

ತಲೆಯೆತ್ತಿ ನೋಡಿದರೆ ಅಟ್ಟದ ತುಂಬ ಕಾಯಿ, ಮೂಲೆಯಿಂದ ಮೂಲೆಗೆ. ನಮ್ಮ ಅಟ್ಟದಲ್ಲಿ ಹಳೆಯ ಪಾತ್ರೆ, ಮಳೆಗಾಲದ ಸೌದೆ. ಇಲ್ಲಿ ಕಾಯಿಯನ್ನು ಸಿಪ್ಪೆ ಸಮೇತ ಮೇಲೆ ಹಾಕಿ ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅದಕ್ಕೆ ಗಿಟುಕು ಎನ್ನುತ್ತಾರೆ, ತಿಪಟೂರಿನ ಮಾರುಕಟ್ಟೆಗೆ ಹೋಗುವ ಕೊಬ್ಬರಿ ಅದೇ. ತೆಂಗಿನ ನಾಡಿನಿಂದ ತೆಂಗಿನ ನಾಡಿಗೇ ಬಂದಿದ್ದೇನೆ, ಕಷ್ಟವೇನಿದೆ ಎಂದುಕೊಂಡು ಬಂದವಳಿಗೆ ಮೊದಲ ದಿನವೇ ನನ್ನ ತೆಂಗು ಬೇರೆ, ಇವರ ತೆಂಗು ಬೇರೆ ಎಂದು ಗೊತ್ತಾಯಿತು.

ಮೂಲ್ಕಿಯ ಹತ್ತಿರದ ನನ್ನ ಮನೆಯಲ್ಲಿ ಮಾತು ತುಳು, ಊಟ ಮೀನು. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಪರೀಕ್ಷಕಿಯ ಕೆಲಸ ಸಿಕ್ಕಿ ಮಾಯಸಂದ್ರದ ಕಡೆಗೆ ಹಾಕಿದರು. ನಾನು ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ಊರಿನವರಿಗೆ ನಾನು ಡಾಕ್ಟ್ರಮ್ಮ. ಮನೆ ಕೊಡುವ ಮುಂಚೆ ಪಾರ್ವತಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ನೀವು ತಿನ್ನೋರಾ, ಡಾಕ್ಟ್ರಮ್ಮ?"

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಊಟ ಮಾಡದವರು ಯಾರಿದ್ದಾರೆ? ಇಲ್ಲಿ 'ತಿನ್ನೋರು' ಎಂದರೆ ಮೀನು ಮಾಂಸ ತಿನ್ನುವವರು. ಅವರದು ಲಿಂಗ ಕಟ್ಟುವ ಮನೆ. ಸುಳ್ಳು ಹೇಳಿದರೆ ಮನೆ ಸುಲಭವಾಗಿ ಸಿಗುತ್ತಿತ್ತು. "ತಿನ್ನುತ್ತೇವೆ. ಇಲ್ಲಿ ಮಾತ್ರ ಮಾಡುವುದಿಲ್ಲ," ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆಯ್ತು ಬುಡಿ. ನಿಜ ಹೇಳಿದ್ರಲ್ಲ," ಎಂದು ಹಿತ್ತಲ ಕಡೆಯ ಎರಡು ಕೋಣೆಯ ಬೀಗದ ಕೈ ಕೊಟ್ಟರು.

ಮೊದಲ ತಿಂಗಳು ನಾನು ತಿಂದದ್ದಕ್ಕಿಂತ ಅತ್ತದ್ದು ಹೆಚ್ಚು. ನಾವು ಉಣ್ಣುವ ಕೆಂಪು ಕುಚಲಕ್ಕಿ ಈ ಕಡೆಯ ಅಂಗಡಿಗಳಲ್ಲಿ ಇಲ್ಲ. ಬೆಳ್ತಿಗೆಯ ಬಿಳಿ ಅನ್ನ ಎಷ್ಟು ಉಂಡರೂ ಗಂಟೆಯೊಳಗೆ ಹಸಿವು. ಸಂಜೆ ನಾಲ್ಕಕ್ಕೆ, ನಮ್ಮಲ್ಲಿ ಮೀನಿನವಳು ಬೀದಿಯಲ್ಲಿ ಕೂಗುವ ಹೊತ್ತಿಗೆ, ಇಲ್ಲಿ ಕಾಯಿ ಸುಲಿಯುವ ಸದ್ದು. ಅಳುವುದು ಅವಮಾನ ಎಂದು ನನಗೆ ಅನ್ನಿಸುವುದಿಲ್ಲ, ಹಾಗಾಗಿ ಚೆನ್ನಾಗಿ ಅತ್ತೆ. ಅದನ್ನು ಪಾರ್ವತಮ್ಮ ಗೋಡೆಯಾಚೆಯಿಂದ ಕೇಳಿಸಿಕೊಂಡಿರಬೇಕು. ಒಂದು ದಿನ ಮುಚ್ಚಿದ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತರು. ಮುದ್ದೆ, ಬಸ್ಸಾರು.

ಮುದ್ದೆಯನ್ನು ಅಗಿದೆ ಎಂದು ನಾನು ಹೇಳಿದರೆ ಈ ಕಡೆಯವರು ನಗುತ್ತಾರೆ, ಆದ್ದರಿಂದ ಆ ಕಥೆ ಬೇಡ. ಕಲಿತೆ. ಬಸ್ಸಾರು ಎಂದರೆ ಸೊಪ್ಪು ಕಾಳು ಬೇಯಿಸಿ, ನೀರು ಬಸಿದು, ಆ ನೀರಿಗೇ ಖಾರ ಕಡೆದು ಹಾಕಿ ಮಾಡುವ ಸಾರು, ಸೊಪ್ಪು ಪಲ್ಯವಾಗುತ್ತದೆ. ಒಂದೇ ಪಾತ್ರೆಯಿಂದ ಎರಡು ಅಡುಗೆ. ಚಳಿಗಾಲ ಬಂದಾಗ ಹಿತಕಿದ ಬೇಳೆ. ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಬೆರಳಲ್ಲಿ ಹಿಸುಕಿ ಸಿಪ್ಪೆ ಬಿಡಿಸಬೇಕು. ಒಂದು ಪಾವು ಕಾಳಿಗೆ ಒಂದು ಮಧ್ಯಾಹ್ನ. ಜಗಲಿಯಲ್ಲಿ ಅವರ ಎದುರು ಕೂತು ನಾನೂ ಹಿಸುಕಿದೆ. ಕಾಳು ಕೈಯಿಂದ ಜಾರಿ ಅಂಗಳಕ್ಕೆ ಹಾರಿದಾಗ, "ಅಳಿಲಿಗೂ ಬೇಕಲ್ಲ, ಬುಡಿ," ಎನ್ನುತ್ತಿದ್ದರು. ಹುಚ್ಚೆಳ್ಳಿನ ಚಟ್ನಿಯ ಕಪ್ಪು ಬಣ್ಣ ಕಂಡು ಹಿಂಜರಿದವಳು ಈಗ ಅದಿಲ್ಲದೆ ರೊಟ್ಟಿ ಮುಟ್ಟುವುದಿಲ್ಲ. ಒತ್ತುಶ್ಯಾವಿಗೆ ಮಾಡಿ ಕಾಯಿಹಾಲು ಹುಯ್ದು ಕೊಟ್ಟ ದಿನವಂತೂ ಎರಡು ಸಲ ಹಾಕಿಸಿಕೊಂಡೆ. ಅದು ನನ್ನ ಅಜ್ಜಿ ಮಾಡುತ್ತಿದ್ದ ಸೇಮಿಗೆಯೇ. ಗಸಗಸೆ ಒಂದು ಹೆಚ್ಚು, ಅಷ್ಟೆ.

ಊಟ ಕೊಟ್ಟವರ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದು ನಮ್ಮಲ್ಲೂ ಇದೆ, ಇಲ್ಲೂ ಇದೆ. ಮೊದಮೊದಲು ಸಕ್ಕರೆ, ಬಾಳೆಹಣ್ಣು, ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ಕೊಂಡ ಬಿಸ್ಕತ್ತು ಇಟ್ಟು ಕೊಟ್ಟೆ. ಎಷ್ಟು ದಿನ ಅಂಗಡಿಯದನ್ನೇ ಕೊಡುವುದು? ನನಗೂ ಕೈಯಿದೆ, ನನ್ನ ಮನೆಯಲ್ಲೂ ಅಡುಗೆಯಿದೆ. ಅವರ ಊಟ ಉಣ್ಣುವಾಗಲೆಲ್ಲ ನನ್ನೂರಿನದನ್ನು ಇವರಿಗೆ ಉಣ್ಣಿಸಬೇಕೆಂಬ ಆಸೆಯಾಗುತ್ತಿತ್ತು. ಮಳೆಗಾಲದಲ್ಲಿ ತೋಟದ ಕಾಲುವೆ ಪಕ್ಕ ಕೆಸುವು ಎದ್ದಿತ್ತು. ನಾಲ್ಕು ಎಲೆ ಕೊಯ್ದು ತಂದು ಪತ್ರೊಡೆ ಮಾಡಿದೆ. ಅಕ್ಕಿ, ಹುಣಸೆ, ಮೆಣಸು, ಬೆಲ್ಲ ರುಬ್ಬಿ ಎಲೆಗೆ ಸವರಿ, ಒಂದರ ಮೇಲೊಂದಿಟ್ಟು ಸುತ್ತಿ, ಹಬೆಯಲ್ಲಿ ಬೇಯಿಸಿ ಕೊಯ್ದೆ. ಊರಿಂದ ತಂದ ತೆಂಗಿನೆಣ್ಣೆಯನ್ನು ಕಾವಲಿಗೆ ಧಾರಾಳವಾಗಿ ಬಿಟ್ಟು ಎರಡೂ ಬದಿ ಕೆಂಪಗೆ ಕಾಯಿಸಿದೆ. ಅವರ ಪಾತ್ರೆಯಲ್ಲೇ ತುಂಬಿ ಕೊಟ್ಟೆ.

ಮರುದಿನ ಹೇಗಿತ್ತು ಎಂದು ಕೇಳಿದೆ. "ಚೆನ್ನಾಗಿತ್ತು," ಎಂದು ಬೇರೆ ಮಾತಿಗೆ ಹೋದರು. ಹದಿನೈದು ದಿನ ಬಿಟ್ಟು ಮತ್ತೆ ಮಾಡಿದೆ, ಮತ್ತೆ ಕೊಟ್ಟೆ.

ಅದರ ಮರುದಿನ ಬೆಳಗ್ಗೆ ಅವರೇ ಬಂದು ಕರೆದರು. ಎಮ್ಮೆ ಮೇವು ಮುಟ್ಟುತ್ತಿಲ್ಲ. ಕೊಟ್ಟಿಗೆಗೆ ಹೋಗಿ ಹೊಟ್ಟೆಯ ಎಡಭಾಗ ಒತ್ತಿ ನೋಡಿದೆ, ಜ್ವರ ನೋಡಿದೆ. ಅಜೀರ್ಣ, ಅಂಥ ದೊಡ್ಡದೇನಲ್ಲ. ಯಾರ ಮನೆಗೆ ಹೋದರೂ ನಾನು ಕೇಳುವ ಮಾತನ್ನೇ ಕೇಳಿದೆ: "ನಿನ್ನೆ ಏನು ಹಾಕಿದಿರಿ?"

ಪಾರ್ವತಮ್ಮ ಎಮ್ಮೆಯ ಹಗ್ಗ ಸರಿಮಾಡತೊಡಗಿದರು. ಉತ್ತರ ಬಾರದಿದ್ದರೆ ಬಾನಿ ನೋಡುವುದು ನನ್ನ ಅಭ್ಯಾಸ. ಬಾನಿ ಎಂದರೆ ಅಕ್ಕಿ ತೊಳೆದ ನೀರು, ಉಳಿದ ಅನ್ನ ಎಲ್ಲ ಸೇರಿಸಿ ದನಕ್ಕೆ ಇಡುವ ದೊಡ್ಡ ಪಾತ್ರೆ. ಬಗ್ಗಿ ನೋಡಿದೆ. ಹುಳಿ ನೀರಿನ ಮೇಲೆ ನನ್ನ ಪತ್ರೊಡೆ ತೇಲುತ್ತಿತ್ತು. ಸುತ್ತು ಬಿಚ್ಚಿರಲಿಲ್ಲ. ಎಮ್ಮೆಯೂ ಅದನ್ನು ಮುಟ್ಟಿರಲಿಲ್ಲ.

ಔಷಧಿ ಕುಡಿಸಿದೆ, ಎರಡು ದಿನ ಬರೀ ಒಣಹುಲ್ಲು ಹಾಕಿ ಎಂದೆ, ಕೈ ತೊಳೆದು ಬಂದೆ. ಕೆಲಸದಲ್ಲಿ ಏನೂ ತಪ್ಪಲಿಲ್ಲ. ಒಳಗೆ ಬಂದು ಬಾಗಿಲು ಹಾಕಿದ ಮೇಲೆ ಮೈಯೆಲ್ಲ ಉರಿಯಿತು. ವರ್ಷಪೂರ್ತಿ ಇವರ ಮನೆಯ ಅನ್ನ ಉಂಡಿದ್ದೇನೆ, ಬೆರಳು ನೆಕ್ಕಿ ಉಂಡಿದ್ದೇನೆ. ನನ್ನದು ದನದ ಬಾನಿಗೆ. ತಿನ್ನೋರ ಕೈಯಡುಗೆ ಅಂತಲ್ಲವೇ? ಹಾಗಿದ್ದರೆ ಅವರ ಊಟವನ್ನು ನಾನು ಯಾವ ಮುಖ ಇಟ್ಟುಕೊಂಡು ಉಣ್ಣಲಿ? ಅದು ಪ್ರೀತಿಯೋ, ಬಾಗಿಲಿಗೆ ಬಂದವರಿಗೆ ಹಾಕುವ ಅನ್ನವೋ? ನನಗೆ ಈ ಊರಲ್ಲಿ ಬೇರೆ ಯಾರೂ ಇರಲಿಲ್ಲ. ಈ ಒಂದು ಮನೆಯೂ ಹೋದರೆ ವರ್ಗಾವಣೆಗೆ ಅರ್ಜಿ ಹಾಕುವುದೇ ಸರಿ ಎಂದು ನಿಶ್ಚಯಿಸಿದೆ.

ನನ್ನ ಬಳಿ ಅವರದೊಂದು ಸ್ಟೀಲಿನ ಪಾತ್ರೆ ಉಳಿದಿತ್ತು. ಅದನ್ನು ಬೂದಿ ಹಾಕಿ ತಿಕ್ಕಿ, ಒರೆಸಿ, ಖಾಲಿಯೇ ಕೊಟ್ಟುಬಂದೆ. ಏನು ಮಾಡುತ್ತಿದ್ದೇನೆ ಎಂದು ಗೊತ್ತಿದ್ದೇ ಮಾಡಿದೆ. ಪಾರ್ವತಮ್ಮ ಪಾತ್ರೆಯೊಳಗೆ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಎರಡು ಸಲ ಸಾರು ತಂದರು. "ಊಟ ಆಯ್ತು," ಎಂದು ಎರಡು ಸಲವೂ ಹಿಂದೆ ಕಳಿಸಿದೆ. ಕಿಬ್ಬನಹಳ್ಳಿಯ ಕೂಡುರಸ್ತೆಯ ಕಡೆ ಕೆಲಸ ಬಿದ್ದ ದಿನ ಅಲ್ಲೇ ಹೋಟೆಲಿನಲ್ಲಿ ಉಂಡು ಬರುತ್ತಿದ್ದೆ, ಉಳಿದ ದಿನ ಬ್ರೆಡ್ಡು. ಹೀಗೆ ಹನ್ನೆರಡು ದಿನ.

ಹದಿಮೂರನೆಯ ದಿನ, ಒಂದು ಭಾನುವಾರ, ಅವರು ಬರಿಗೈಯಲ್ಲಿ ಬಂದು ನನ್ನ ಹೊಸಿಲ ಮೇಲೆ ಕೂತರು.

"ಖಾಲಿ ಪಾತ್ರೆ ಕೊಟ್ಬುಟ್ಟೆಯಲ್ಲ ಕಣವ್ವ," ಎಂದರು. ಅಲ್ಲಿಯವರೆಗೆ ನಾನು 'ನೀವು', 'ಡಾಕ್ಟ್ರಮ್ಮ'. ಏಕವಚನ ಅದೇ ಮೊದಲು.

"ನೀವು ಎಮ್ಮೆಗೆ ಹಾಕಿದಿರಲ್ಲ," ಎಂದೆ.

"ಹಾಕ್ದೆ. ಸುಳ್ಳು ಯಾಕೆ ಹೇಳ್ಲಿ. ಮೊದಲ್ನೇ ಸತಿ ಬಾಯಿಗೇ ಇಡ್ಲಿಲ್ಲ. ನಿನ್ನ ಪಾತ್ರೇಲಿ ಊರಲ್ಲಿದ್ದಾಗ ಏನೇನು ಬೆಂದಿತ್ತೋ ಅನ್ನುಸ್ತು. ತಿಪ್ಪೆಗೆ ಎಸೆಯೋಕೆ ಮನಸು ಬರ್ಲಿಲ್ಲ, ಎಮ್ಮೆಗಿಟ್ಟೆ. ಆಮೇಲೆ ನಂಗೇ ಸರಿಬರ್ಲಿಲ್ಲ ಕಣವ್ವ. ಈ ಹುಡುಗಿ ನನ್ನೆದುರು ಕೂತು ಬೇಳೆ ಹಿತುಕ್ತಾಳೆ, ಅವಳು ಮಾಡಿದ್ದು ನಾನು ಒಂದು ಚೂರು ತಿನ್ನಬಾರ್ದಾ ಅಂತ."

ಸೆರಗಿನಿಂದ ಬಾಯಿ ಒರೆಸಿಕೊಂಡು ಮುಂದುವರಿಸಿದರು. "ಎರಡ್ನೇ ಸತಿ ತಿನ್ನಲೇಬೇಕು ಅಂತ ಕೂತ್ಕಂಡೆ. ನಮ್ಮ ಯಜಮಾನ್ರು ಕೊಬ್ಬರಿ ಹಾಕ್ಕಂಡು ತಿಪಟೂರಿಗೆ ಹೋಗಿದ್ರು. ಬಾಗಿಲು ಹಾಕಿ ಬಾಯಿಗಿಟ್ಟೆ. ತಲೆಗೆ ಹಚ್ಚೋ ಎಣ್ಣೆ ವಾಸನೆ ಕಣವ್ವ. ಎರಡು ಸತಿ ನುಂಗೋಕೆ ನೋಡ್ದೆ, ಗಂಟಲಲ್ಲಿ ಇಳೀಲಿಲ್ಲ, ಉಳಿದದ್ದು ಬಾನಿಗೆ ಹಾಕ್ದೆ. ನಿನ್ನ ತಲೆ ಎಣ್ಣೆ ಶೀಸೆ ಕೈಜಾರಿ ಅದ್ರೊಳಗೆ ಬಿದ್ದಿತ್ತೇನೋ ಅಂದ್ಕಂಡೆ. ನಿಂಗೆ ಹೇಳಿದ್ರೆ ಬೇಜಾರಾಗ್ತೀಯ ಅಂತ ಸುಮ್ಕಾದೆ."

"ಬಿದ್ದಿರಲಿಲ್ಲ. ನಮ್ಮಲ್ಲಿ ಅಡುಗೆಗೆ ಅದನ್ನೇ ಹಾಕೋದು."

"ಅಡುಗೆಗಾ?" ಎಂದು ಅವರು ನನ್ನ ಕೂದಲು ನೋಡಿದರು.

ವರ್ಷವಿಡೀ ಅವರ ಅಡುಗೆ ಉಂಡಿದ್ದೇನೆ. ಒಗ್ಗರಣೆಯೆಲ್ಲ ಕಡಲೆಕಾಯಿ ಎಣ್ಣೆಯದು ಎಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ. ಅಟ್ಟ ತುಂಬ ಕೊಬ್ಬರಿ ಇರುವ ಮನೆಯಲ್ಲಿ ಕೊಬ್ಬರಿ ಎಣ್ಣೆ ಸ್ನಾನದ ಮನೆಯ ಗೂಡಿನಲ್ಲಿರುತ್ತದೆ, ಒಲೆಯ ಹತ್ತಿರ ಬರುವುದೇ ಇಲ್ಲ. ಅವರು ಕಟ್ಟಿಕೊಂಡ ಲಿಂಗವನ್ನೂ, ಅರವತ್ತು ವರ್ಷದ ಅಭ್ಯಾಸವನ್ನೂ ಬದಿಗಿಟ್ಟು, ಗಂಡನಿಗೂ ತಿಳಿಯದಂತೆ ನನ್ನ ಪಾತ್ರೆಯದನ್ನು ಬಾಯಿಗಿಟ್ಟಿದ್ದರು. ಅದು ಇಳಿಯದೆ ಹೋದದ್ದು ಎಣ್ಣೆಗೆ. ನಾನು ಹನ್ನೆರಡು ದಿನ ಅವರಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ನಾಚಿಕೆಯಾಯಿತು. ಹಾಗೆಂದು ಮೊದಲ ಸಲದ ನೋವು ಸುಳ್ಳಾಗಲಿಲ್ಲ, ಅದೂ ಇತ್ತು.

"ಬಾ, ನಮ್ಮ ಒಲೇಲೇ ಮಾಡು. ನಮ್ಮ ಎಣ್ಣೆ ಹಾಕು. ಅದೇನು ರುಚಿಯೋ ನೋಡೇಬುಡಣ," ಎಂದು ಎದ್ದರು.

ಅವರ ಅಡುಗೆಮನೆಯಲ್ಲಿ, ಅವರ ಪಾತ್ರೆಯಲ್ಲಿ ಪತ್ರೊಡೆ ಬೇಯಿಸಿದೆ. ಪಾರ್ವತಮ್ಮ ಪಕ್ಕದಲ್ಲೇ ನಿಂತು ಎಲೆಗೆ ಹಿಟ್ಟು ಸವರಿದರು. ನನಗಿಂತ ತೆಳ್ಳಗೆ, ಅಂಚಿನವರೆಗೆ ಸವರಿದರು. ಕಡಲೆಕಾಯಿ ಎಣ್ಣೆಯಲ್ಲಿ ಕಾಯಿಸಿ ಬಡಿಸಿದೆ. ಒಂದು ತಿಂದು, ಇನ್ನೊಂದು ತೆಗೆದುಕೊಂಡರು. ಯಜಮಾನರು ಬಂದು ನಾಲ್ಕು ತಿಂದು, "ಇನ್ನೂ ಇದ್ರೆ ಹಾಕಿ," ಎಂದರು. ಪಾರ್ವತಮ್ಮ ನನ್ನ ಕಡೆ ನೋಡಿ ನಕ್ಕರು. ನನಗೆ ಅಳು ಬಂತು, ಹೊಗೆ ಎಂದು ಹೇಳಲು ಅಲ್ಲಿ ಹೊಗೆಯೂ ಇರಲಿಲ್ಲ, ಗ್ಯಾಸಿನ ಒಲೆ.

ಆ ಪತ್ರೊಡೆ ನನಗೆ ಮಾತ್ರ ಅಷ್ಟು ರುಚಿಸಲಿಲ್ಲ. ಏನೋ ಕಡಿಮೆ. ಅವರಿಗೆ ಒಪ್ಪಲೆಂದು ತೆಗೆದದ್ದೇ ನನಗೆ ಬೇಕಾದದ್ದು. ಅದನ್ನು ಅವರಿಗೆ ಹೇಳಲಿಲ್ಲ. ಅಲ್ಲಿಂದೀಚೆಗೆ ನಾನೂ ಅಡುಗೆಗೆ ಕಡಲೆಕಾಯಿ ಎಣ್ಣೆಯನ್ನೇ ತರುತ್ತೇನೆ. ಎರಡು ಮನೆಗೆ ಸೇರಿ ಮಾಡುವಾಗ ಎರಡು ಎಣ್ಣೆ ಯಾಕೆ? ಊರಿಂದ ತಂದದ್ದು ಮುಗಿದ ಮೇಲೆ ಮತ್ತೆ ತರಿಸಲಿಲ್ಲ. ವರ್ಗಾವಣೆಯ ಅರ್ಜಿಯನ್ನೂ ಹಾಕಲಿಲ್ಲ. ಈಗ ಪಾರ್ವತಮ್ಮ ಏನು ಬೇಕು ಎಂದು ನನ್ನನ್ನು ಕೇಳುವುದಿಲ್ಲ, ತಟ್ಟೆ ಹಾಕಿ ಬಡಿಸುತ್ತಾರೆ. ಬೇಡ ಎಂದರೆ ಬೈಯುತ್ತಾರೆ.

ಈ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ಅಮ್ಮ ನನಗೆಂದೇ ಪತ್ರೊಡೆ ಮಾಡಿದ್ದರು. ನಮ್ಮ ಅಂಗಳದ ಕೆಸು, ನಮ್ಮ ಗಾಣದ ಎಣ್ಣೆ. ತಟ್ಟೆ ಮುಂದಿಟ್ಟರು. ಕೈ ಹಾಕಿ ಒಂದು ತುಂಡು ಬಾಯಿ ಹತ್ತಿರ ತಂದೆ. ತಲೆಸ್ನಾನಕ್ಕೆ ಮುಂಚೆ ಹಚ್ಚುವ ಎಣ್ಣೆಯ ವಾಸನೆ ಬಂತು. ಕೈ ಒಂದು ಕ್ಷಣ ನಿಂತಿತು, ಅಷ್ಟೇ. ಹುಟ್ಟಿದಂದಿನಿಂದ ತಿಂದದ್ದಕ್ಕೆ ನನ್ನ ಕೈ ಹಾಗೆ ನಿಲ್ಲಬಹುದೆಂದು ನಾನು ಯಾವತ್ತೂ ಎಣಿಸಿರಲಿಲ್ಲ. ಬೇಗ ಬಾಯಿಗಿಟ್ಟೆ, ಅಗಿದೆ, ನುಂಗಿದೆ.

ಅಮ್ಮ ನೋಡಿಬಿಟ್ಟಿದ್ದರು. "ಬೇತೆ ಎಣ್ಣೆ ಪಾಡೊಡಾ?" ಎಂದು ಕೇಳಿದರು. ಬೇರೆ ಎಣ್ಣೆ ಹಾಕಲೇ ಎಂದು. ಕೋಪದಿಂದ ಕೇಳಲಿಲ್ಲ. ಮನೆಗೆ ನೆಂಟರು ಬಂದಾಗ ಖಾರ ಹೆಚ್ಚಾಯಿತೇ, ಉಪ್ಪು ಸಾಕೇ ಎಂದು ಕೇಳುತ್ತಾರಲ್ಲ, ಆ ಮೃದುವಾದ ದನಿ. ನನ್ನನ್ನು ಆ ದನಿಯಲ್ಲಿ ಅವರು ಊಟದ ಬಗ್ಗೆ ಎಂದೂ ಕೇಳಿದವರಲ್ಲ.

"ಬೇಡಮ್ಮ, ಇದೇ ಬೇಕು," ಎಂದೆ. ತಟ್ಟೆಯಲ್ಲಿದ್ದ ಅಷ್ಟನ್ನೂ ತಿಂದೆ, ಮತ್ತೆರಡು ಹಾಕಿಸಿಕೊಂಡೆ. ಅಮ್ಮ ಹೂಂ ಎನ್ನುತ್ತಾ ಬಡಿಸಿದರು. ಅವರು ನಂಬಲಿಲ್ಲ.